ಇದ್ದ ಹಾಗೆ ಇಡದೆ ಹೋದವರು

ಚಿನ್ನಮನೂರಿನಿಂದ ಮಾರ್ಕಯನ್‌ಕೋಟ್ಟೈಗೆ ಹೋಗುವ ರಸ್ತೆಯಲ್ಲಿ ದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜ್ ಇದೆ. ಅಲ್ಲಿ ಫೋನೆತ್ತುತ್ತಿದ್ದವನು ಅಯ್ಯಾವು. ಕಂಬಂ ಕಡೆಯ ತೋಟದವರು, ಕುಮಿಳಿ ಘಾಟಿ ಇಳಿದು ಬರುವ ಲಾರಿಯವರು, ದಿಂಡಿಗಲ್ಲಿನ ಹಣ್ಣಿನ ಮಂಡಿಯವರು, ಎಲ್ಲರಿಗೂ ಅವನ ದನಿಯ ಪರಿಚಯವಿತ್ತು. ಯಾವ ಕೋಣೆಯಲ್ಲಿ ಜಾಗ ಇದೆ, ಯಾರ ಸರಕು ಎಂದು ಹೊರಡುತ್ತದೆ ಎಂದು ಕೇಳಿದರೆ ಒಂದು ಕೆಮ್ಮು ಕೆಮ್ಮುವಷ್ಟರಲ್ಲಿ ಉತ್ತರ ಕೊಡುತ್ತಿದ್ದ. ಅವನಿಗೆ ಕಣ್ಣು ಕಾಣುವುದಿಲ್ಲ ಎಂಬುದು ಫೋನು ಮಾಡುವವರಲ್ಲಿ ಅರ್ಧ ಜನಕ್ಕೆ ತಿಳಿದೇ ಇರಲಿಲ್ಲ.

ಮೊದಲು ಅವನೂ ಲಾರಿ ಓಡಿಸುತ್ತಿದ್ದವನೇ. ಮದುವೆಯ ಮಾತು ನಡೆಯುತ್ತಿದ್ದ ಕಾಲಕ್ಕೆ ಕಣ್ಣಿನೊಳಗಿನ ಒತ್ತಡ ಏರಿ, ಮೊದಲು ಅಂಚುಗಳು ಕಪ್ಪಾಗಿ, ಆಮೇಲೆ ನಡುವೆ ಉಳಿದಿದ್ದ ಬೆಳಕೂ ಹೋಯಿತು. ಮದುವೆಯ ಮಾತು ನಿಂತಿತು. ಅವನು ದಿಂಡಿಗಲ್ಲಿನಲ್ಲಿ ಕುರುಡರಿಗೆ ಕೆಲಸ ಕಲಿಸುವ ಒಂದು ಕಡೆ ಇದ್ದು, ಬೆರಳಿನಲ್ಲೇ ಕೀಬೋರ್ಡ್ ನೋಡುವುದನ್ನು ಕಲಿತು ಬಂದ. ಅವನು ಯಾರ ಲಾರಿ ಓಡಿಸುತ್ತಿದ್ದನೋ ಆ ಯಜಮಾನರು, ದೊಡ್ಡ ಮುದಲಾಳಿಯೇ ಕರೆದು ತಮ್ಮ ಕೋಲ್ಡ್ ಸ್ಟೋರೇಜಿನ ಮೇಜಿನ ಮುಂದೆ ಕೂರಿಸಿದರು. ಅವನ ಕಂಪ್ಯೂಟರ್ ಟರ್ಮಿನಲ್ಲಿಗೆ ಒಂದು ಮಾತಿನ ಡಬ್ಬಿಯನ್ನು ತರಿಸಿ ಜೋಡಿಸಿಕೊಟ್ಟವರೂ ಅವರೇ.

ಡಬ್ಬಿ ಹಳೆಯದು, ಇಟ್ಟಿಗೆಯಷ್ಟು ದಪ್ಪ. ಪರದೆಯ ಮೇಲೆ ಬರುವ ಅಕ್ಷರಗಳು ತಂತಿಯಲ್ಲಿ ಹರಿದು ಅದರೊಳಗೆ ಬಿದ್ದರೆ ಅದು ಓದಿ ಹೇಳುತ್ತಿತ್ತು. ಅಕ್ಷರ ಬರುವಷ್ಟು ಬೇಗ ಅದಕ್ಕೆ ಮಾತಾಡಲಾಗದು. ಹೊಟ್ಟೆ ತುಂಬಿದಾಗ ಅದು ಕಂಪ್ಯೂಟರಿಗೆ 'ಸಾಕು' ಎಂದು ಸನ್ನೆ ಕಳಿಸುತ್ತಿತ್ತು. ಆಡಿ ಮುಗಿಸಿದ ಮೇಲೆ 'ಈಗ ಕಳಿಸು' ಎನ್ನುತ್ತಿತ್ತು. ಈ ಸನ್ನೆಗೆ ಕಂಪ್ಯೂಟರು ಕಿವಿಗೊಡಬೇಕಾದರೆ ಆ ಟರ್ಮಿನಲ್ಲಿನ ಹೊಂದಾಣಿಕೆ, ಅಂದರೆ ಸೆಟ್ಟಿಂಗ್, ಹಾಗೆ ಇರಬೇಕು. ಜೋಡಿಸಲು ಬಂದಿದ್ದ ಇಂಜಿನಿಯರ್ ಅದನ್ನು ಹಾಗೆ ಇಟ್ಟು ಹೋಗಿದ್ದ. ಬೇರೆ ಮೇಜುಗಳಲ್ಲಿ ಅದರ ಅಗತ್ಯವಿರಲಿಲ್ಲ. ಅಲ್ಲಿ ಕೂತವರಿಗೆ ಕಣ್ಣಿತ್ತು.

ಅಯ್ಯಾವು ಅಕ್ಕ ಕಣ್ಣಮ್ಮಾಳ್‌ಳ ಮನೆಯಲ್ಲಿದ್ದ. ಸುತ್ತ ತಮಿಳಾದರೂ ಅವರ ಮನೆಮಾತು ಕನ್ನಡ. ಅಕ್ಕನ ಮಗಳು ಪಾಂಡೀಶ್ವರಿ ಗಂಡ ತೀರಿಕೊಂಡ ಮೇಲೆ ಅದೇ ಮನೆಗೆ ಬಂದು, ಅದೇ ಕೋಲ್ಡ್ ಸ್ಟೋರೇಜಿನಲ್ಲಿ ದ್ರಾಕ್ಷಿ ಬಿಡಿಸಿ ಕ್ರೇಟಿಗೆ ತುಂಬುವ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬಸ್ಸು ಹತ್ತುತ್ತಿದ್ದರು. ಅವನ ತೋಳು ಹಿಡಿಯುವ ಪದ್ಧತಿ ಅವಳದಲ್ಲ. ಮುಂದೆ ನಡೆಯುತ್ತಾ ಬಾಯಿ ಮುಚ್ಚದೆ ಮಾತಾಡುತ್ತಿದ್ದಳು, ಅವನು ಆ ಮಾತಿನ ಹಿಂದೆ ನಡೆಯುತ್ತಿದ್ದ.

"ಇಲ್ಲಿ ಹಳ್ಳ ಅದೆ ಮಾಮಾ. ಎಡಕ್ಕೆ ಬಾ. ಯಾರೋ ಮಾಡು ಕಟ್ಟವ್ರೆ, ದನ ಬಾಲ ಬೀಸ್ತದೆ, ದೂರ ಬಾ."

"ಮಾಡಿನ ವಾಸ್ನೆ ನಂಗೂ ಬತ್ತದೆ ಪುಳ್ಳೆ. ನೀ ಮುಂದೆ ಹೋಗು."

ದೊಡ್ಡ ಮುದಲಾಳಿ ತೀರಿಕೊಂಡರು. ಮಗನಿಗೆ ವ್ಯವಹಾರದಲ್ಲಿ ಆಸೆ ಇರಲಿಲ್ಲ, ಅವನು ತಂದೆಯ ಅಳಿಯ ಸೇಕರ್‌ನನ್ನು ಕರೆಸಿಕೊಂಡ. ಸೇಕರ್ ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಓದಿದವನು. ಯಾರ ಮೇಲೂ ದನಿ ಏರಿಸುವವನಲ್ಲ. ಕೂಲಿಯವರನ್ನೂ 'ವಾಂಗ, ಪೋಂಗ' ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದ. ಬಂದ ಹೊಸದರಲ್ಲೇ ಅವನು ಒಂದು ಸಣ್ಣ ಪ್ರೋಗ್ರಾಂ ಬರೆದ. ಕೆಲಸಕ್ಕೆ ಕೂರುವ ಮುನ್ನ ಪ್ರತಿಯೊಬ್ಬರೂ ಅದರಲ್ಲಿ ಹೆಸರು ಒತ್ತಿ ಪಾಸ್‌ವರ್ಡ್ ಕೊಡಬೇಕು. ಪಾಸ್‌ವರ್ಡ್ ಪಕ್ಕದವರಿಗೆ ಕಾಣದಿರಲೆಂದು ಆ ಪ್ರೋಗ್ರಾಂ, ಒತ್ತಿದ ಅಕ್ಷರ ಪರದೆಗೆ ಬಾರದ ಹಾಗೆ, ಟರ್ಮಿನಲ್ಲಿನ ಹೊಂದಾಣಿಕೆಯನ್ನು ಬದಲಿಸುತ್ತಿತ್ತು. ಮುಗಿದ ಮೇಲೆ, ಎಲ್ಲ ಟರ್ಮಿನಲ್ಲುಗಳೂ ಹೇಗಿರುತ್ತವೆ ಎಂದು ಸೇಕರ್ ಅಂದುಕೊಂಡಿದ್ದನೋ ಹಾಗೆ ಮಾಡಿ ಹೋಗುತ್ತಿತ್ತು.

ಮೊದಲ ದಿನವೇ ಅಯ್ಯಾವುವಿನ ಡಬ್ಬಿ ತೊದಲಿತು. ಸಾಲಿನ ತಲೆ ಹೇಳಿ, ನಡುವಿನದನ್ನು ನುಂಗಿ, ಬಾಲ ಹೇಳುತ್ತಿತ್ತು. ಡಬ್ಬಿ 'ಸಾಕು' ಎಂದು ಸನ್ನೆ ಮಾಡುತ್ತಲೇ ಇತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ.

ಪಾಂಡೀಶ್ವರಿಯ ಮಗಳು ಅಮುದಾ ದಿಂಡಿಗಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರನ್ನೇ ಓದುತ್ತಿದ್ದಳು. ಆ ವಾರ ಊರಿಗೆ ಬಂದಾಗ ಅಯ್ಯಾವು ಅವಳನ್ನು ಕೇಳಿದ.

"ಇಷ್ಟು ವರ್ಷ ಡಬ್ಬಿ ನೆಟ್ಟಗಿತ್ತು ಪುಳ್ಳೆ. ಪಾಸ್‌ವರ್ಡ್ ಕೊಟ್ಟ ಮ್ಯಾಲೆ ತೊದಲ್ತದೆ. ಯಾಕ?"

ಅವಳು ಬಹಳ ಹೊತ್ತು ವಿಚಾರಿಸಿದಳು. ಅವಳ ಕನ್ನಡ ಅರ್ಧಕ್ಕೆ ನಿಂತು ತಮಿಳಿಗೆ ಜಾರುತ್ತಿತ್ತು, ಮತ್ತೆ ತಾತನಿಗಾಗಿ ತಿರುಗಿ ಬರುತ್ತಿತ್ತು.

"ತಾತಾ, ಆ ಪ್ರೋಗ್ರಾಂ ಮೊದ್ಲು ಕೇಳ್ಬೇಕು. ಈ ಟರ್ಮಿನಲ್ ಈಗ ಎಂಗದೆ ಅಂತ. ಕೇಳಿ ಅದ್ನ ಭದ್ರವಾಗಿ ಎತ್ತಿಡ್ಬೇಕು. ಅದರ ನಕಲು ಮಾಡಿ, ಬೇಕಾದ್ದು ಒಂದನ್ನೇ, ಅದ್ನ ಮಟ್ಟುಂ ಬದಲಿಸ್ಬೇಕು. ಕೆಲ್ಸ ಮುಗಿದ ಮ್ಯಾಲೆ ಎತ್ತಿಟ್ಟಿದ್ದನ್ನೇ ವಾಪಸ್ ಇಡ್ಬೇಕು. ತಾನು ನೆನೆಸ್ಕೊಂಡಿದ್ದನ್ನಲ್ಲ."

"ನಡುವಲ್ಲೇ ಯಾರೋ ನಿಲ್ಸಿಬುಟ್ರೆ?"

"ಆಗ್ಲೂ ಇಡ್ಬೇಕು. ಸಾಯೋಕೆ ಮುಂಚೆ ಇಟ್ಟೇ ಸಾಯ್ಬೇಕು."

"ಕಾಲ್ವೆ ನೀರು ನಮ್ ಸರದಿಗೆ ಬಂದಾಗ ಪಕ್ಕದವ್ನ ಗದ್ದೆ ಮಡೆ ಮುಚ್ತೀವಲ್ಲ, ಹಂಗೆ. ಎಷ್ಟು ತೆರೆದಿದ್ನೋ ಅಷ್ಟೇ ತೆರೆದು ಬರ್ಬೇಕು."

"ಹೂಂ ತಾತಾ. ಅಷ್ಟೇ."

ತಾತ್ಕಾಲಿಕಕ್ಕೆ ಅವಳು ಒಂದು ಸಾಲಿನ ಆಜ್ಞೆಯನ್ನು ಬಾಯಿಪಾಠ ಮಾಡಿಸಿದಳು. ಪಾಸ್‌ವರ್ಡ್ ಕೊಟ್ಟ ಕೂಡಲೇ ಅದನ್ನು ಒತ್ತಿದರೆ ಡಬ್ಬಿಯ ಸನ್ನೆಗೆ ಮತ್ತೆ ಕಿವಿ ಬರುತ್ತಿತ್ತು. ಅಯ್ಯಾವು ಅದನ್ನು ದೇವರ ಹೆಸರಿನ ಹಾಗೆ ನಿತ್ಯ ಒತ್ತುತ್ತಿದ್ದ. ಆದರೂ ಮರುದಿನ ಸೇಕರ್‌ನ ಬಳಿ ಹೋಗಿ ಅಮುದಾ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಸೇಕರ್ ಪೂರ್ತಿ ಕೇಳಿದ. ಅರ್ಥವಾಗಲಿಲ್ಲ ಎನ್ನುವ ಹಾಗಿರಲಿಲ್ಲ, ನಡುವೆ ಒಂದು ಕಡೆ 'ಆಮಾಂ, ಆಮಾಂ' ಎಂದೂ ಅಂದ.

"ಸರಿ ಅಣ್ಣೇ," ಎಂದ ಕೊನೆಗೆ, ತಮಿಳಿನಲ್ಲಿ. "ಆದರೆ ಬೇರೆ ಯಾರಿಗೂ ತೊಂದರೆ ಇಲ್ಲವಲ್ಲ. ಒಬ್ಬರಿಗಾಗಿ ಓಡುತ್ತಿರುವುದನ್ನು ಕೈಹಾಕಿ ಕೆಡಿಸುವುದು ಬೇಡ. ನಿಮ್ಮ ಹತ್ತಿರ ಆ ಒಂದು ಸಾಲು ಇದೆಯಲ್ಲ, ಅದನ್ನೇ ಒತ್ತಿಕೊಳ್ಳಿ."

ಇದನ್ನೆಲ್ಲ ಪಕ್ಕದ ಮೇಜಿನಿಂದ ಕೇಳಿಸಿಕೊಂಡವನು ಲಕ್ಷ್ಮಣನ್. ತೂಕದ ಗುಮಾಸ್ತ, ಎಲ್ಲರನ್ನೂ ನಗಿಸುವವನು. ಅವನು ಕೆಟ್ಟವನೆಂದು ಯಾರೂ ಹೇಳಿದ್ದಿಲ್ಲ. ಅಯ್ಯಾವು ಚಹಾಕ್ಕೆ ಎದ್ದು ಹೋದಾಗ ಅವನು ಆ ಕುರ್ಚಿಯಲ್ಲಿ ಕೂತು, ಪಾಸ್‌ವರ್ಡಿನ ಪ್ರೋಗ್ರಾಂ ತೆರೆದು, ನಡುವೆಯೇ ಎರಡು ಕೀ ಒಟ್ಟಿಗೆ ಒತ್ತಿ ಅದನ್ನು ಸಾಯಿಸಿ ಎದ್ದ. ಅಯ್ಯಾವು ಬಂದು ಕೂತು ಒತ್ತಿದರೆ ಯಾವ ಅಕ್ಷರವೂ ಪರದೆಗೆ ಬಾರದು, ಡಬ್ಬಿ ಉಸಿರೆತ್ತದು. ಅವನು ಕೀಬೋರ್ಡನ್ನು ತಡವಿ, ತಂತಿ ಎಳೆದು ನೋಡಿ, ಡಬ್ಬಿಯ ಬೆನ್ನು ತಟ್ಟಿದ. ಕಚೇರಿಯಲ್ಲಿದ್ದವರು ಬಾಯಿಗೆ ಟವೆಲ್ಲು ತುರುಕಿಕೊಂಡು ನಕ್ಕರು.

ಕೆಲವು ಸಲ ಹೀಗಾದ ಮೇಲೆ ಅಯ್ಯಾವು ಗುಟ್ಟು ಹಿಡಿದ. ದನಿ ಹೋದ ಕ್ಷಣವೇ ಅವನು ಏನೂ ಕೇಳಿಸದಿದ್ದರೂ ಆ ಸಾಲನ್ನು ಒತ್ತಿ ಸರಿಮಾಡಿಕೊಳ್ಳತೊಡಗಿದ. ಆಟ ಸಪ್ಪೆಯಾಯಿತು. ಆಗ ಲಕ್ಷ್ಮಣನ್ ಇನ್ನೊಂದು ಕಂಡುಹಿಡಿದ. ಪ್ರೋಗ್ರಾಮನ್ನು ಕೊಲ್ಲದೆ, ತನ್ನದೇ ಪಾಸ್‌ವರ್ಡ್ ಕೊಟ್ಟು ಸರಿಯಾಗಿ ಮುಗಿಸಿ ಎದ್ದುಬಿಟ್ಟರೆ ಡಬ್ಬಿ ಮಾತಾಡುತ್ತದೆ, ಕೀಗಳೂ ಮಾತಾಡುತ್ತವೆ, ಉದ್ದದ ಸಾಲು ಬಂದಾಗ ಮಾತ್ರ ನಡುವಿನದು ಮಾಯ. ಅಯ್ಯಾವುವಿಗೆ ಕೂಡಲೇ ತಿಳಿಯುವುದಿಲ್ಲ. ಕಂಬಂನವನಿಗೆ ಉತ್ತಮಪಾಳಯಂನವನ ಸರಕು ಹೇಳುತ್ತಾನೆ, ಅವರು ಫೋನಿನಲ್ಲೇ ಬೈಯುತ್ತಾರೆ. ಇದು ಮೊದಲಿನದಕ್ಕಿಂತ ಹೆಚ್ಚು ಹೊತ್ತು ನಗಿಸುತ್ತಿತ್ತು.

ಅಯ್ಯಾವು ಹೆದರಿದ. ಪ್ರತಿ ಉತ್ತರವನ್ನೂ ಡಬ್ಬಿಯಿಂದ ಎರಡು ಸಲ ಹೇಳಿಸಿಕೊಂಡು ಆಮೇಲೆ ಬಾಯಿ ಬಿಡತೊಡಗಿದ. ಫೋನಿನವರು ಕಾಯಬೇಕಾಯಿತು. ಒಂದು ಬೆಳಿಗ್ಗೆ ಸೇಕರ್ ಎಲ್ಲರ ಮುಂದೆ ಅವನ ಹೆಗಲ ಮೇಲೆ ಕೈಯಿಟ್ಟ.

"ಅಣ್ಣೇ, ನೀವು ಎರಡೆರಡು ಸಲ ಕೇಳಿಸಿಕೊಂಡರೆ ಬಾಗಿಲಲ್ಲಿ ಲಾರಿ ನಿಲ್ಲುತ್ತದೆ. ಮಾವನವರ ಕಾಲದಿಂದ ಇದ್ದೀರಿ ಎಂದು ಇಟ್ಟುಕೊಂಡಿದ್ದೇವೆ. ನಿಮ್ಮ ಜಾಗಕ್ಕೆ ಕಣ್ಣಿರುವವರು ಕೇಳುತ್ತಿದ್ದಾರೆ. ನನ್ನನ್ನು ಆ ಮಾತು ಆಡುವ ಹಾಗೆ ಮಾಡಬೇಡಿ."

"ಆಗ್ಲಿ ಸಾರ್," ಎಂದ ಅಯ್ಯಾವು. ಆಮೇಲೆ ಅವನು ಒಂದೇ ಸಲ ಕೇಳಿಸಿಕೊಂಡ.

ದ್ರಾಕ್ಷಿಗೆ ಬೂಷ್ಟು ಹಿಡಿಯದಿರಲೆಂದು ಕೋಣೆಗಳಿಗೆ ಆಗಾಗ ಗಂಧಕದ ಹೊಗೆ ಹಾಕುತ್ತಾರೆ. ಹೊಗೆ ಇರುವ ಕೋಣೆಯನ್ನು ತೆರೆಯಕೂಡದು. ಬಾಗಿಲಿಗೆ ತೂಗುಹಾಕುವ ಕೆಂಪು ಹಲಗೆಯ ಕೊಕ್ಕೆ ಮುರಿದು ಬಹಳ ಕಾಲವಾಗಿತ್ತು. ಯಾವ ಕೋಣೆ ತೆರೆಯಬೇಕು ಎಂದು ಅಯ್ಯಾವು ಮೈಕಿನಲ್ಲಿ ಕೂಗುತ್ತಿದ್ದ, ಹೆಂಗಸರು ಆ ಮಾತಿನ ಮೇಲೆ ಹೋಗುತ್ತಿದ್ದರು.

ಆ ದಿನ ಮಧ್ಯಾಹ್ನ ದಿಂಡಿಗಲ್ಲಿನ ಲಾರಿ ಬಂದು ಹಾರ್ನ್ ಹೊಡೆಯುತ್ತಿತ್ತು. ಅಯ್ಯಾವು ಆಗಷ್ಟೇ ಊಟ ಮುಗಿಸಿ ಕೈ ತೊಳೆದು ಬಂದು ಕೂತಿದ್ದ, ಆ ಒಂದು ಸಾಲನ್ನು ಮತ್ತೆ ಒತ್ತುವ ಪುರುಸೊತ್ತಿರಲಿಲ್ಲ. ಅವನು ಊಟಕ್ಕೆ ಹೋಗಿದ್ದಾಗ ಲಕ್ಷ್ಮಣನ್ ಆ ಕುರ್ಚಿಯಲ್ಲಿ ಕೂತೆದ್ದಿದ್ದನ್ನು ಮೂರ್ನಾಲ್ಕು ಜನ ನೋಡಿದ್ದರು. ಪರದೆಯ ಮೇಲಿನ ಸಾಲು ಇದು: ಆರನೇ ಕೋಣೆ, ಹೊಗೆ ಹಾಕಿದೆ, ತೆರೆಯಬೇಡಿ, ಏಳನೇ ಕೋಣೆ, ಸರಕು ತಯಾರಿದೆ, ತೆರೆಯಿರಿ. ಡಬ್ಬಿ ಅದನ್ನು ಓದಿತು. ಅಯ್ಯಾವುವಿಗೆ ಕೇಳಿಸಿದ್ದು, ಆರನೇ ಕೋಣೆ, ತೆರೆಯಿರಿ.

ಅವನು ಮೈಕೆತ್ತಿ ಹಾಗೇ ಕೂಗಿದ.

ಪಾಂಡೀಶ್ವರಿ ಸಾಲಿನಲ್ಲಿ ಮುಂದಿದ್ದಳು. ಬಾಗಿಲು ಎಳೆದು ಒಳಗೆ ಹೋದಳು. ಆ ಬಾಗಿಲು ಭಾರದ್ದು, ತಾನೇ ಮುಚ್ಚಿಕೊಳ್ಳುವಂಥದ್ದು. ಒಳಗಿನ ಹಿಡಿ ಸಿಕ್ಕಿಹಾಕಿಕೊಂಡರೆ ಹೊರಗಿನಿಂದಲೂ ತೆಗೆಯಲಾಗದು ಎಂದು ಹೆಂಗಸರು ಹಿಂದೆ ಹೇಳಿದ್ದರು. ಹಿಂದಿನವಳು ಬಾಗಿಲಿಗೆ ಬಂದಾಗ ಸಂದಿನಿಂದ ಬಂದ ಘಾಟಿಗೆ ಮೂಗು ಮುಚ್ಚಿ ಹಿಂದೆ ಸರಿದಳು. ಒಳಗಿನಿಂದ ಬಾಗಿಲಿಗೆ ಬಡಿಯುವ ಸದ್ದು ಕೇಳಿಸಿತು. ಹೊರಗಿನವರು ಎಳೆದು, ಒದ್ದು, ಕೊನೆಗೆ ಕಬ್ಬಿಣದ ಸರಳು ಹಾಕಿ ಮೀಟಿ ಬಾಗಿಲು ತೆಗೆಯುವ ಹೊತ್ತಿಗೆ ಬಡಿತ ನಿಂತಿತ್ತು.

ಗಲಾಟೆ ಕೇಳಿ ಅಯ್ಯಾವು ಎದ್ದು ಬಂದ. ಯಾರೂ ಅವನಿಗೆ ಏನಾಯಿತೆಂದು ಹೇಳಲಿಲ್ಲ. ಅವನು "ಯಾರು, ಯಾರು" ಎಂದು ಕೇಳುತ್ತಾ ಕ್ರೇಟುಗಳಿಗೆ ಎಡವುತ್ತಾ ಬಂದ. ಪಾಂಡೀಶ್ವರಿಯನ್ನು ಆಟೋಗೆ ಎತ್ತುತ್ತಿದ್ದ ಹೆಂಗಸೊಬ್ಬಳು ತಿರುಗಿ, "ನಿಮ್ಮ ಅಕ್ಕನ ಮಗಳೇ. ನೀವು ಕೂಗಿದ ಕೋಣೆಗೇ ಹೋದಳು," ಎಂದಳು.

ಅವಳು ಸಾಯಲಿಲ್ಲ. ತೇನಿಯ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿ ಎದ್ದಳು. ಗಂಟಲು, ಶ್ವಾಸಕೋಶ ಎರಡೂ ಬೆಂದು ಹೋಗಿದ್ದವು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹತ್ತು ಹೆಜ್ಜೆ ನಡೆದರೆ ಕೂರಬೇಕಿತ್ತು. ಅಯ್ಯಾವು ಹಾಸಿಗೆಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಾಗ ಕಣ್ಣಮ್ಮಾಳ್ ಆ ಕೈಯನ್ನು ಬಿಡಿಸಿದಳು.

"ನಿನ್ ಬಾಯಿಂದ ನನ್ ಮಗ್ಳ ಬಾಯಿ ಹೋತು," ಎಂದಳು. "ಇನ್ ಮ್ಯಾಲೆ ನಂತಾವ ಮಾತಾಡ್ಬೇಡ."

ಅವಳು ಆಡಿದಂತೆ ನಡೆದುಕೊಂಡಳು. ಮುದ್ದೆಯ ತಟ್ಟೆಯನ್ನು ಅವನ ಮುಂದೆ ನೆಲಕ್ಕೆ ತಾಗಿಸಿ ಸದ್ದು ಮಾಡಿ ಹೋಗುತ್ತಿದ್ದಳು. ಬಂದಿದೆ ಎಂದು ಅವನು ಆ ಸದ್ದಿನಿಂದ ತಿಳಿಯಬೇಕು.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಅವನಿಗೆ ಕೇಳಲು ಹೆಚ್ಚೇನೂ ಇರಲಿಲ್ಲ. ಮೈಕಿನ ಮುಂದೆ ಒಬ್ಬ ಕುರುಡನನ್ನು ಕೂರಿಸಿದ್ದರು ಎಂಬ ಒಂದು ಮಾತಿನಲ್ಲಿ ಎಲ್ಲಕ್ಕೂ ಉತ್ತರ ಸಿಕ್ಕಿತ್ತು. ಅಮುದಾ ಕಾಲೇಜು ಬಿಟ್ಟು ಬಂದಿದ್ದಳು. ಅವಳು ಅಧಿಕಾರಿಯ ಎದುರು ನಿಂತು, ತಪ್ಪು ತಾತನದಲ್ಲ, ಈ ಪ್ರೋಗ್ರಾಂ ಟರ್ಮಿನಲ್ಲನ್ನು ಕೆಡಿಸಿ ಹೋಗುತ್ತದೆ, ಈಗಲೇ ತೋರಿಸುತ್ತೇನೆ ಎಂದಳು. ಸೇಕರ್ ಎದ್ದು ತನ್ನ ಕುರ್ಚಿಯನ್ನೇ ಅವಳಿಗೆ ಎಳೆದುಕೊಟ್ಟ.

"ತೋರಿಸಮ್ಮಾ," ಎಂದ. "ನಾವೂ ತಿಳಿದುಕೊಳ್ಳೋಣ."

ಅವಳು ಅಯ್ಯಾವುವಿನ ಟರ್ಮಿನಲ್ಲಿನ ಮುಂದೆ ಕೂತು ಪ್ರೋಗ್ರಾಂ ತೆರೆದು ಪಾಸ್‌ವರ್ಡ್ ಕೊಟ್ಟಳು. ಉದ್ದದ ಒಂದು ಸಾಲು ಕರೆದಳು. ಡಬ್ಬಿ ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ನುಂಗದೆ ಓದಿತು. ಮತ್ತೆ ತೆರೆದು, ನಡುವೆ ಎರಡು ಕೀ ಒತ್ತಿ ಸಾಯಿಸಿದಳು. ಡಬ್ಬಿ ಓದಿತು. ಪ್ರೋಗ್ರಾಮನ್ನು ಕೊಲ್ಲದೆ ನಡುವೆ ನಿಲ್ಲಿಸಿ ಮರೆಗೆ ಸರಿಸಿ, ಮತ್ತೆ ಎಬ್ಬಿಸಿ ನೋಡಿದಳು. ಡಬ್ಬಿ ಓದುತ್ತಲೇ ಇತ್ತು. ಗೋಡೆಗೊರಗಿ ನಿಂತಿದ್ದ ಅಯ್ಯಾವು ಅದನ್ನೆಲ್ಲ ಕೇಳಿಸಿಕೊಂಡ.

"ಸರಿಯಾಗೇ ಇದೆಯಲ್ಲಮ್ಮಾ," ಎಂದ ಅಧಿಕಾರಿ.

"ಅವತ್ತು ಇರಲಿಲ್ಲ ಸಾರ್. ಆಮೇಲೆ ಬದಲಾಯಿಸಿದ್ದಾರೆ."

ಅಧಿಕಾರಿ ಕಚೇರಿಯವರ ಕಡೆ ನೋಡಿದ. ಯಾರಿಗಾದರೂ ಏನಾದರೂ ಗೊತ್ತಾ ಎಂದು ಕೇಳಿದ. ಲಕ್ಷ್ಮಣನ್ ಕಾಲರ್ ಸರಿಮಾಡಿಕೊಂಡ. ಊಟದ ಹೊತ್ತಿನಲ್ಲಿ ನೋಡಿದ್ದ ಮೂರ್ನಾಲ್ಕು ಜನ ನೆಲ ನೋಡಿದರು. ಎಲ್ಲರಿಗೂ ಕೆಲಸ ಬೇಕಾಗಿತ್ತು.

ಅಧಿಕಾರಿ ಅಯ್ಯಾವುವಿನ ಕಡೆ ತಿರುಗಿ, "ನಿಮಗೆ ಹೇಳುವುದೇನಾದರೂ ಇದೆಯಾ?" ಎಂದ.

"ಡಬ್ಬಿ ಹೇಳಿದ್ದನ್ನ ಕೂಗಿದೆ ಸಾರ್."

"ಅದು ಈಗ ನಮ್ಮೆದುರು ಸರಿಯಾಗಿ ಹೇಳಿತಲ್ಲ."

ಅಯ್ಯಾವು ಗೋಡೆ ತಡವುತ್ತಾ ಬಾಗಿಲ ಕಡೆ ನಡೆದ.

ಅಲ್ಲಿಗೆ ಮುಗಿಯಿತು. ಮೆಟ್ಟಿಲಿಳಿಯುವಾಗ ಸೇಕರ್ ಅಮುದಾಳ ಪಕ್ಕಕ್ಕೆ ಬಂದ. ಅವನ ದನಿಯಲ್ಲಿ ಹಂಗಿಸುವುದೇನೂ ಇರಲಿಲ್ಲ. ಜೊತೆಯಲ್ಲಿ ಓದಿದವಳನ್ನು ಕೇಳುವ ಹಾಗೆ ಕೇಳಿದ.

"ನೀನು ಹೇಳಿ ಕಳಿಸಿದ್ದೆಯಲ್ಲ, ಹಾಗೇ ಬರೆದಿದ್ದೇನೆ. ಮೊದಲು ಓದಿ ಎತ್ತಿಡುವುದು, ಯಾವ ದಾರಿಯಲ್ಲಿ ಹೊರಟರೂ ಅದನ್ನೇ ವಾಪಸ್ ಇಡುವುದು. ಇಟ್ಟ ಮೇಲೆ ನಿಜವಾಗಿ ಕೂತಿತಾ ಎಂದು ಇನ್ನೊಮ್ಮೆ ಓದಿ ನೋಡುತ್ತದೆ. ಏನಾದರೂ ಬಿಟ್ಟಿದ್ದೇನಾ?"

ಅವಳು ಅವನ ಮುಖ ನೋಡಿದಳು.

"ಯಾವಾಗ ಬರೆದಿರಿ?"

"ಅವತ್ತು ಸಂಜೆಯೇ. ದೊಡ್ಡ ಕೆಲಸವಲ್ಲ ಅದು, ಚಹಾ ಆರುವುದರೊಳಗೆ ಮುಗಿಯಿತು. ಬಾಗಿಲಿನ ಹಿಡಿಯನ್ನೂ ಬದಲಾಯಿಸಿದೆವು." ಒಂದು ಮೆಟ್ಟಿಲು ಇಳಿದು ಮತ್ತೆ ನಿಂತ. "ಆ ಮೇಜು ಈಗ ಖಾಲಿ ಇದೆ. ನಿನ್ನ ತಾಯಿ ಇನ್ನು ಕೆಲಸಕ್ಕೆ ಬರುವ ಹಾಗಿಲ್ಲ. ಯೋಚನೆ ಮಾಡು."

ಅವಳು ಮನೆಗೆ ಬಂದು ಇದನ್ನು ಹೇಳಿದಾಗ ಅಳಲಿಲ್ಲ. ಬೆಂಕಿ ಹಚ್ಚುತ್ತೇನೆ ಎಂದಳು, ಆ ಕಟ್ಟಡಕ್ಕೆ. ಕಣ್ಣಮ್ಮಾಳ್ ಒಲೆಯ ಮುಂದಿನಿಂದ ಎದ್ದು ಬರಲಿಲ್ಲ. ಪಾಂಡೀಶ್ವರಿ ಮೂಲೆಯಲ್ಲಿ ಒರಗಿ ಉಸಿರೆಳೆಯುತ್ತಿದ್ದಳು, ಆ ಸದ್ದು ಮನೆಯನ್ನೆಲ್ಲ ತುಂಬಿತ್ತು.

"ಹೋಗು," ಎಂದ ಅಯ್ಯಾವು.

"ಅವ್ನತಾವನಾ ತಾತಾ?"

"ನಿಮ್ಮವ್ವಂಗೆ ಮಾತ್ರೆ ಬೇಕು. ಹೋಗು ಪುಳ್ಳೆ. ನಾ ಹೇಳ್ತೀನಿ, ಹೋಗು."

ಅವಳು ಒಂದು ವಾರ ಹೋಗಲಿಲ್ಲ. ಆಮೇಲೆ ಹೋದಳು. ಕಾಲೇಜಿನವರು ಕೆಲವು ಸಲ ಕರೆದು ಕೇಳಿ ಸುಮ್ಮನಾದರು. ಕೋಲ್ಡ್ ಸ್ಟೋರೇಜಿನ ಫೋನನ್ನು ಈಗ ಅವಳು ಎತ್ತುತ್ತಾಳೆ. ಮೊದಮೊದಲು ಲಾರಿಯವರು ಅಯ್ಯಾವು ಎಲ್ಲಿ ಎಂದು ಕೇಳುತ್ತಿದ್ದರು. ಅವಳು, ಬಿಟ್ಟರು, ಎನ್ನುತ್ತಿದ್ದಳು. ಈಗ ಕೇಳುವವರಿಲ್ಲ.

ಅಯ್ಯಾವು ಹೊರಗೆ ಜಗುಲಿಯ ಮೇಲೆ ಕೂರುತ್ತಾನೆ. ಯಾರಾದರೂ ಪಕ್ಕದಲ್ಲಿ ಬಂದು ಕೂತರೆ "ಯಾರು" ಎನ್ನುತ್ತಾನೆ. ಉತ್ತರ ಬಾರದೆ ಬರೀ ಉಸಿರಿನ ಸದ್ದು ಕೇಳಿದರೆ ಅದು ಪಾಂಡೀಶ್ವರಿ. ಅವಳು ಬಂದು ಕೂರುವುದನ್ನು ಕಣ್ಣಮ್ಮಾಳ್ ತಡೆಯಲಿಲ್ಲ, ಆದರೆ ತಮ್ಮನೊಂದಿಗೆ ಮಾತು ಬಿಟ್ಟದ್ದು ಬಿಟ್ಟಂತೆಯೇ ಇತ್ತು.

ಚಿತ್ತಿರೈ ತಿಂಗಳಲ್ಲಿ ಒಂದು ಬೆಳಿಗ್ಗೆ ಲಕ್ಷ್ಮಣನ್ ಬಂದ. ಮಗಳ ಕಿವಿ ಚುಚ್ಚುವ ಕಾರ್ಯಕ್ಕೆ ಕರೆಯಲು ವೀಳ್ಯದೆಲೆ, ಹಣ್ಣು ಹಿಡಿದು ಬಂದಿದ್ದ. ಜಗುಲಿಯ ಮೇಲೆ ಅಯ್ಯಾವುವಿನ ಪಕ್ಕವೇ ಕೂತು, ಎಲ್ಲರೂ ಬರಬೇಕು, ಬರದಿದ್ದರೆ ನನಗೆ ಬೇಸರ ಎಂದ. ಮಾತಾಡುತ್ತಾ ಮಾತಾಡುತ್ತಾ ನಕ್ಕ.

"ನಿಮ್ಮ ಡಬ್ಬಿಯನ್ನು ಹಳೆಯ ಕಬ್ಬಿಣಕ್ಕೆ ಹಾಕುತ್ತಿದ್ದರು ಅಣ್ಣೇ. ನಾನು ಮಕ್ಕಳಿಗೆ ಅಂತ ಕೇಳಿ ಮನೆಗೆ ತಂದೆ. ಏನೇನೋ ಕೆಟ್ಟ ಮಾತು ಒತ್ತಿ ಅದರ ಬಾಯಲ್ಲಿ ಹೇಳಿಸುತ್ತವೆ. ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತೇವೆ."

ಅಯ್ಯಾವು ಅವನ ಮಾತು ಮುಗಿಯುವವರೆಗೆ ಕಾದ.

"ಲಕ್ಷ್ಮಣಾ," ಎಂದ. "ಅವತ್ತು ನಾನು ಉಣ್ಣೋಕೆ ಹೋದಾಗ ನನ್ ಸೀಟಲ್ಲಿ ಕೂತಿದ್ಯಾ?"

"ಯಾವತ್ತು ಅಣ್ಣೇ?"

ಅಯ್ಯಾವು ಅವನ ದನಿಯನ್ನು ಕಿವಿಗೊಟ್ಟು ಕೇಳಿದ. ವರ್ಷಗಟ್ಟಲೆ ದನಿಗಳನ್ನೇ ನಂಬಿ ಬದುಕಿದವನಿಗೆ ಸುಳ್ಳಿನ ದನಿ ಯಾವುದೆಂದು ಗೊತ್ತು. ಅದು ಸುಳ್ಳಾಗಿರಲಿಲ್ಲ. ಲಕ್ಷ್ಮಣನ್‌ಗೆ ನಿಜಕ್ಕೂ ನೆನಪಿರಲಿಲ್ಲ.

"ಏನಿಲ್ಲೆ," ಎಂದ ಅಯ್ಯಾವು. "ಇರು, ಕಾಪಿ ಕುಡಿದು ಹೋಗು."

ಒಳಗಿನಿಂದ ಪಾಂಡೀಶ್ವರಿ ಗೋಡೆ ಹಿಡಿದುಕೊಂಡು, ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಲಕ್ಷ್ಮಣನ್‌ಗೆ ಲೋಟ ತಂದುಕೊಟ್ಟಳು. ಅವನು ಎದ್ದು ನಿಂತು ಎರಡು ಕೈಯಲ್ಲಿ ತೆಗೆದುಕೊಂಡು, "ಈಗ ಮೈ ಚೆನ್ನಾಗಿದೆಯಾ ಅಕ್ಕಾ?" ಎಂದು ಕೇಳಿದ.